ಬಿರುಗಾಳಿಯ ನಂತರ ಮೊದಲು ಯಾರ ಸೂರು?

2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಜಮೈಕಾದ ನೈರುತ್ಯ ಕರಾವಳಿಗೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 295 ಕಿ.ಮೀ. ಇತ್ತು. ಹವಾಮಾನದ ದಾಖಲೆ ಇಡತೊಡಗಿದ ಮೇಲೆ ಆ ದ್ವೀಪ ಇಷ್ಟು ಬಿರುಸಿನ ಗಾಳಿಯನ್ನು ಕಂಡದ್ದಿಲ್ಲ. ಬ್ಲ್ಯಾಕ್ ರಿವರ್ ಎಂಬ ಹಳೆಯ ಬಂದರು ಪಟ್ಟಣದ ಬಹುಪಾಲು ನೆಲಕ್ಕೊರಗಿತು. ಅಲ್ಲಿನ ಆಸ್ಪತ್ರೆಯ ಸೂರೂ ಉಳಿಯಲಿಲ್ಲ. ಕಟ್ಟಡ, ರಸ್ತೆ, ವಿದ್ಯುತ್ ಜಾಲಗಳಿಗೆ ಆದ ನಷ್ಟವೇ 880 ಕೋಟಿ ಡಾಲರ್, ಅಂದರೆ ಹಿಂದಿನ ವರ್ಷದ ಜಿಡಿಪಿಯ ಶೇ 41ರಷ್ಟು ಎಂದು ವಿಶ್ವಬ್ಯಾಂಕ್ ಮತ್ತು ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕ್ ಅಂದಾಜು ಮಾಡಿದವು. ಕೆಲವೇ ದಿನಗಳಲ್ಲಿ ಪ್ರವಾಸೋದ್ಯಮ ಸಚಿವ ಎಡ್ಮಂಡ್ ಬಾರ್ಟ್ಲೆಟ್ ಒಂದು ತಾರೀಕು ಹೇಳಿದರು: ಡಿಸೆಂಬರ್ 15. ಅಷ್ಟರೊಳಗೆ ಪ್ರವಾಸೋದ್ಯಮ ಮತ್ತೆ ನಡೆಯುವಂತಾಗಬೇಕು.

ಜನರಿಗೆ ಕುಡಿಯುವ ನೀರು ಸಿಕ್ಕಿಲ್ಲ, ಇವರಿಗೆ ರೆಸಾರ್ಟಿನ ಚಿಂತೆ ಎಂದು ಆಡಿಕೊಳ್ಳುವುದು ಸುಲಭ. ಆದರೆ ಆ ತಾರೀಕಿನ ಹಿಂದೆ ಒಂದು ಲೆಕ್ಕವಿದೆ. ಕೆರಿಬಿಯನ್ನಿನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಹೋಟೆಲುಗಳ ಸುಗ್ಗಿ ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ, ಉತ್ತರ ಅಮೆರಿಕ ಮತ್ತು ಯುರೋಪಿನವರು ಚಳಿ ತಪ್ಪಿಸಿಕೊಂಡು ಬರುವ ಹೊತ್ತು. ದೊಡ್ಡ ಗಾಳಿಗಳು ಹೆಚ್ಚಾಗಿ ಏಳುವುದು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಹೊಡೆತ ಬಿದ್ದ ಮೇಲೆ ಸುಗ್ಗಿಗೆ ಉಳಿಯುವುದು ಕೆಲವೇ ವಾರ. ಆ ಸುಗ್ಗಿ ಕೈತಪ್ಪಿದರೆ ಹೋಟೆಲ್ ನೌಕರನ ಸಂಬಳ, ಟ್ಯಾಕ್ಸಿ ಚಾಲಕನ ಸಾಲದ ಕಂತು, ಸರ್ಕಾರದ ತೆರಿಗೆ, ರಸ್ತೆ ರಿಪೇರಿಗೆ ಬೇಕಾದ ವಿದೇಶಿ ವಿನಿಮಯ ಎಲ್ಲವೂ ಒಂದು ವರ್ಷ ಹಿಂದಕ್ಕೆ ಬೀಳುತ್ತವೆ. ಹಾಗಾಗಿ ಅವಸರ ತಪ್ಪೆನ್ನಲು ಬರುವುದಿಲ್ಲ. ಯಾರಿಗಾಗಿ ಅವಸರ, ಯಾರದ್ದನ್ನು ಆಮೇಲೆ ನೋಡೋಣ ಎಂದು ಬದಿಗಿಟ್ಟರು ಎಂಬುದನ್ನು ಕೇಳಬಹುದು.

ಕಳೆದ ಎರಡು ದಶಕಗಳಲ್ಲಿ ಸುನಾಮಿ, ಚಂಡಮಾರುತ, ಕಾಳ್ಗಿಚ್ಚುಗಳಿಗೆ ಸಿಕ್ಕ ದ್ವೀಪಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಮಾಲ್ಡೀವ್ಸ್ ಅದಕ್ಕೆ ಒಳ್ಳೆಯ ಉದಾಹರಣೆ. 2004ರ ಡಿಸೆಂಬರ್ 26ರ ಸುನಾಮಿಯಿಂದ ಆ ದೇಶಕ್ಕಾದ ಹಾನಿ ಜಿಡಿಪಿಯ ಶೇ 62ರಷ್ಟು. ಆ ವರ್ಷ 6.17 ಲಕ್ಷ ಪ್ರವಾಸಿಗರು ಬಂದಿದ್ದರು. 2005ರಲ್ಲಿ ಅದು 3.95 ಲಕ್ಷಕ್ಕೆ ಕುಸಿಯಿತು. 2006ರಲ್ಲಿ ಮತ್ತೆ 6 ಲಕ್ಷ ದಾಟಿತು. ಎರಡೇ ವರ್ಷದಲ್ಲಿ ಚೇತರಿಕೆ ಎಂದು ವರದಿಗಳು ಬೆನ್ನು ತಟ್ಟಿದವು. ಇದೇ ಸುನಾಮಿಯಲ್ಲಿ ರಾ ಹವಳವೃತ್ತದ ಕಂದೊಲ್‌ಹುದೂ ಎಂಬ ಕಿಕ್ಕಿರಿದ ಪುಟ್ಟ ದ್ವೀಪ ವಾಸಕ್ಕೆ ಯೋಗ್ಯವಲ್ಲದಂತಾಗಿ, ಅಲ್ಲಿನ ಸಾವಿರಾರು ಮಂದಿ ಅಕ್ಕಪಕ್ಕದ ದ್ವೀಪಗಳ ತಾತ್ಕಾಲಿಕ ವಸತಿಗಳಿಗೆ ಚದುರಿಹೋದರು. ಜನರೇ ಇಲ್ಲದಿದ್ದ ದುವಾಫರು ದ್ವೀಪದಲ್ಲಿ ರೆಡ್‌ಕ್ರಾಸ್ ಕಟ್ಟಿಕೊಟ್ಟ ಮನೆಗಳಲ್ಲಿ ಅವರು ನೆಲೆ ನಿಲ್ಲುವ ಹೊತ್ತಿಗೆ 2009 ಬಂದಿತ್ತು. ಪ್ರವಾಸಿಗರ ಅಂಕಿ ಎರಡು ವರ್ಷದಲ್ಲಿ ಎದ್ದು ನಿಂತಿತು, ಊರು ಏಳಲು ಅದರ ಇಮ್ಮಡಿ ಕಾಲ ಹಿಡಿಯಿತು. ಎರಡನೆಯ ಅಂಕಿಯನ್ನು ಯಾವ ಪ್ರವಾಸೋದ್ಯಮ ಇಲಾಖೆಯೂ ತನ್ನ ವಾರ್ಷಿಕ ವರದಿಯಲ್ಲಿ ಹಾಕಿಕೊಳ್ಳುವುದಿಲ್ಲ.

ದ್ವೀಪದ ಕಷ್ಟ ಭೂಖಂಡದ ಊರಿನ ಕಷ್ಟಕ್ಕಿಂತ ಬೇರೆ. ಕರಾವಳಿ ಕರ್ನಾಟಕಕ್ಕೆ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಡಿದಾಗ ಘಟ್ಟದ ಮೇಲಿನಿಂದ ಲಾರಿ ಬಂತು, ಪಕ್ಕದ ಜಿಲ್ಲೆಯಿಂದ ಲೈನ್‌ಮನ್‌ಗಳು ಬಂದರು. ದ್ವೀಪಕ್ಕೆ ಪಕ್ಕದ ಜಿಲ್ಲೆಯೇ ಇಲ್ಲ. ಒಂದು ವಿಮಾನ ನಿಲ್ದಾಣ, ಒಂದು ಬಂದರು, ಒಂದು ವಿದ್ಯುತ್ ಸ್ಥಾವರ. ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಅರ್ಧ ಸತ್ತಂತೆ. ತಗಡು, ಸಿಮೆಂಟು, ಮೊಳೆಯಿಂದ ಹಿಡಿದು ಹೋಟೆಲಿನ ಬೆಳಗಿನ ಉಪಾಹಾರದ ಮೊಟ್ಟೆಯವರೆಗೆ ಎಷ್ಟೋ ಸಾಮಾನು ಹಡಗಿನಲ್ಲಿ ಬರಬೇಕು. ನಷ್ಟದ ಪ್ರಮಾಣವೂ ಬೇರೆ ಬಗೆಯದು. 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಡೊಮಿನಿಕಾವನ್ನು ದಾಟಿತು. ಇದು ಡೊಮಿನಿಕನ್ ಗಣರಾಜ್ಯವಲ್ಲ, ಸುಮಾರು 70 ಸಾವಿರ ಜನರಿರುವ ಬೆಟ್ಟಗಾಡಿನ ಪುಟ್ಟ ದ್ವೀಪ. ಅಲ್ಲಾದ ಹಾನಿ ಮತ್ತು ನಷ್ಟ ಸುಮಾರು 130 ಕೋಟಿ ಡಾಲರ್, ಜಿಡಿಪಿಯ ಶೇ 226. ಒಂದು ರಾತ್ರಿಯಲ್ಲಿ ಎರಡು ವರ್ಷಕ್ಕೂ ಮಿಗಿಲಾದ ದುಡಿಮೆ ಹೋಯಿತು. ಅದಕ್ಕೂ ಎರಡು ವರ್ಷ ಮುಂಚೆ ಎರಿಕಾ ಎಂಬ ಬಿರುಗಾಳಿ ಜಿಡಿಪಿಯ ಶೇ 90ರಷ್ಟನ್ನು ಕೊಚ್ಚಿಕೊಂಡು ಹೋಗಿತ್ತು. ಇಂಥ ಕಡೆ ಸರ್ಕಾರದ ಪರಿಹಾರ ನಿಧಿಯಿಂದ ನೋಡಿಕೊಳ್ಳುತ್ತೇವೆ ಎಂಬ ಮಾತಿಗೆ ಅರ್ಥವಿಲ್ಲ. ನಿಧಿಯನ್ನು ತುಂಬಬೇಕಾದವರ ಸೂರುಗಳೇ ಹಾರಿಹೋಗಿರುತ್ತವೆ.

ದುಡ್ಡಿನ ವಿಷಯದಲ್ಲಿ ಕೆರಿಬಿಯನ್ ದೇಶಗಳು ಲೋಕಕ್ಕೆ ಪಾಠ ಹೇಳುವಷ್ಟು ಮುಂದಿವೆ. 2004ರಲ್ಲಿ ಐವನ್ ಚಂಡಮಾರುತ ಗ್ರೆನಡಾದ ಜಿಡಿಪಿಯ ಎರಡು ಪಟ್ಟಿನಷ್ಟು ಹಾನಿ ಮಾಡಿತು. ಹೋಟೆಲುಗಳ ಜೊತೆಗೆ ಜಾಯಿಕಾಯಿ ತೋಟಗಳೂ ನಾಶವಾದವು. ಅದು ಲೋಕದ ಎರಡನೆಯ ದೊಡ್ಡ ಜಾಯಿಕಾಯಿ ಬೆಳೆಗಾರ ದೇಶವಾಗಿತ್ತು. ಜಾಯಿಕಾಯಿ ಗಿಡ ಫಸಲು ಕೊಡಲು ಎಷ್ಟು ವರ್ಷ ಕಾಯಿಸುತ್ತದೆ ಎಂದು ಶಿರಸಿ, ಪುತ್ತೂರಿನ ತೋಟಗಾರರನ್ನು ಕೇಳಿದರೆ ಆ ಏಟಿನ ಆಳ ತಿಳಿಯುತ್ತದೆ. ಈ ಕಷ್ಟದಿಂದ ಹುಟ್ಟಿದ್ದು 2007ರಲ್ಲಿ ಕೆರಿಬಿಯನ್ ದೇಶಗಳು ಸೇರಿ ಕಟ್ಟಿಕೊಂಡ ವಿಪತ್ತು ವಿಮಾ ನಿಧಿ, ಸಿಸಿಆರ್‌ಐಎಫ್. ಅದರ ಕ್ರಮ ಸರಳ. ಮನೆ ಮನೆಗೆ ಹೋಗಿ ನಷ್ಟ ಅಳೆಯುವುದಿಲ್ಲ. ಗಾಳಿಯ ವೇಗ, ಮಳೆಯ ಪ್ರಮಾಣ, ಕಂಪನದ ತೀವ್ರತೆ ಮೊದಲೇ ಗೊತ್ತು ಮಾಡಿದ ಮಟ್ಟ ಮುಟ್ಟಿತೋ, ಎರಡು ವಾರದೊಳಗೆ ಹಣ ಖಾತೆಗೆ ಬೀಳುತ್ತದೆ. ನಮ್ಮಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಕಂಡ ಅಡಿಕೆ ಬೆಳೆಗಾರರಿಗೆ ಈ ಕ್ರಮ ಹೊಸದಲ್ಲ. ಅದರ ತಕರಾರೂ ಹೊಸದಲ್ಲ.

ತಕರಾರು ಎರಡು. ಮರಿಯಾದ ನಂತರ ಡೊಮಿನಿಕಾಕ್ಕೆ ಈ ನಿಧಿಯಿಂದ ಬಂದದ್ದು ಸುಮಾರು 1.9 ಕೋಟಿ ಡಾಲರ್. ಬೇಗ ಬಂತು, ಸಂಬಳ ಕೊಡಲು, ರಸ್ತೆಯ ಮಣ್ಣು ತೆಗೆಯಲು ಆಯಿತು, ಆದರೆ ಒಟ್ಟು ನಷ್ಟದ ನೂರರಲ್ಲಿ ಎರಡು ಪಾಲೂ ಅಲ್ಲ. ಇನ್ನೊಂದು, ಅಳತೆಗೋಲಿನ ತಕರಾರು. ಜಮೈಕಾ 2024ರಲ್ಲಿ ವಿಶ್ವಬ್ಯಾಂಕ್ ಮೂಲಕ 15 ಕೋಟಿ ಡಾಲರಿನ ವಿಪತ್ತು ಬಾಂಡ್ ಹೊರಡಿಸಿತ್ತು. ಚಂಡಮಾರುತದ ಕಣ್ಣಿನ ವಾಯುಭಾರ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಹೂಡಿಕೆದಾರರು ಹಣ ಬಿಟ್ಟುಕೊಡಬೇಕು. ಆ ಜುಲೈನಲ್ಲೇ ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣದ ಅಂಚನ್ನು ಸವರಿಕೊಂಡು ಹೋಯಿತು, ಹೊಲಗಳನ್ನು ಹಾಳು ಮಾಡಿತು. ವಾಯುಭಾರ ಮಾತ್ರ ಅಷ್ಟು ಕೆಳಗೆ ಇಳಿದಿರಲಿಲ್ಲ. ಬಾಂಡಿನಿಂದ ಬಿಡಿಗಾಸೂ ಬರಲಿಲ್ಲ. ಪತ್ರಿಕೆಗಳಲ್ಲಿ ಭಾರಿ ಚರ್ಚೆಯಾಯಿತು. ಮುಂದಿನ ವರ್ಷ ಮೆಲಿಸಾ ಬಂದಾಗ ಅದೇ ಬಾಂಡು ಪೂರ್ತಿ 15 ಕೋಟಿ ಡಾಲರ್ ಕೊಟ್ಟಿತು, ಸಿಸಿಆರ್‌ಐಎಫ್‌ನಿಂದ ಇನ್ನೂ ಒಂಬತ್ತು ಕೋಟಿಯಷ್ಟು ಸೇರಿತು. 880 ಕೋಟಿಯ ಎದುರು ಇದೂ ಚಿಕ್ಕದೇ. ಆದರೂ ಯಾರ ಮುಂದೆಯೂ ಕೈಚಾಚದೆ ಮೊದಲ ತಿಂಗಳನ್ನು ದಾಟುವ ಹಣ ಕೈಯಲ್ಲಿತ್ತು.

ಗ್ರೆನಡಾ ಇನ್ನೊಂದು ದಾರಿ ಹಿಡಿಯಿತು. ಸಾಲಪತ್ರ ಬರೆಯುವಾಗಲೇ ಅದರಲ್ಲಿ ಚಂಡಮಾರುತದ ಷರತ್ತು ಸೇರಿಸಿತು: ದೊಡ್ಡ ಗಾಳಿ ಬಡಿದ ವರ್ಷ ಕಂತು ಮುಂದೂಡಲು ಸಾಲಗಾರನಿಗೆ ಹಕ್ಕಿದೆ. 2024ರ ಜುಲೈ 1ರಂದು ಬೆರಿಲ್ ಗ್ರೆನಡಾದ ಕ್ಯಾರಿಯಾಕೂ ದ್ವೀಪದ ಬಹುತೇಕ ಎಲ್ಲ ಕಟ್ಟಡಗಳಿಗೆ ಪೆಟ್ಟು ಕೊಟ್ಟಾಗ ಸರ್ಕಾರ ಆ ಷರತ್ತನ್ನು ಬಳಸಿಕೊಂಡಿತು. ಬಾಂಡ್ ಮಾರುಕಟ್ಟೆಯಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ನನ್ನ ಮಟ್ಟಿಗೆ ಈ ಒಂದು ಸಾಲಿನ ಷರತ್ತು ಹತ್ತು ಸಮ್ಮೇಳನಗಳ ಘೋಷಣೆಗಿಂತ ಹೆಚ್ಚಿನದು. ಒಂದು ಮಾತು ಉಳಿಯುತ್ತದೆ: ಇವೆಲ್ಲ ಸರ್ಕಾರದ ಬೊಕ್ಕಸಕ್ಕೆ ಬರುವ ಅಥವಾ ಬೊಕ್ಕಸದಲ್ಲಿ ಉಳಿಯುವ ಹಣ. ದೊಡ್ಡ ಹೋಟೆಲಿಗೆ ಅದರದೇ ವಿಮೆ ಇರುತ್ತದೆ. ಸಮುದ್ರದ ದಂಡೆಯಲ್ಲಿ ಎಳನೀರು ಮಾರುವವನಿಗೆ, ಗಾಜಿನ ತಳದ ದೋಣಿ ನಡೆಸುವವನಿಗೆ, ನಾಲ್ಕು ಕೋಣೆಯ ಗೆಸ್ಟ್‌ಹೌಸ್ ಇಟ್ಟುಕೊಂಡವಳಿಗೆ ಇರುವುದು ಬಹಳ ಅಪರೂಪ.

ಇನ್ನು ಕಟ್ಟಡದ ಮಾತು. ಮರಿಯಾ ಬಂದ ರಾತ್ರಿ ಡೊಮಿನಿಕಾದ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ತನ್ನ ಮನೆಯ ಸೂರು ಹಾರಿಹೋಯಿತೆಂದು ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಬೆಳಗಾದಾಗ ದ್ವೀಪದ ಹತ್ತರಲ್ಲಿ ಒಂಬತ್ತು ಮನೆಗಳ ಸೂರಿಗೆ ಏಟು ಬಿದ್ದಿತ್ತು. ಎಲೆಯೊಂದೂ ಉಳಿಯದ ಕಾಡು ವಿಮಾನದಿಂದ ಕಂದು ಬಣ್ಣದಲ್ಲಿ ಕಾಣುತ್ತಿತ್ತು. ಮೂಲನಿವಾಸಿ ಕಲಿನಾಗೊಗಳ ಸೀಮೆಯನ್ನೂ ಹಾದು ದ್ವೀಪದುದ್ದ 185 ಕಿ.ಮೀ. ಸಾಗುವ ವೈಟುಕುಬುಲಿ ಚಾರಣದ ಹಾದಿಯೇ ಅಲ್ಲಿನ ಪ್ರವಾಸೋದ್ಯಮದ ಹೆಮ್ಮೆ. ಮುರಿದ ಮರಗಳಡಿ ಅದೂ ಮುಚ್ಚಿಹೋಯಿತು. ಕೆಲವೇ ದಿನಗಳಲ್ಲಿ ಸ್ಕೆರಿಟ್ ವಿಶ್ವಸಂಸ್ಥೆಯಲ್ಲಿ ನಿಂತು, ಹವಾಮಾನದ ಹೊಡೆತ ತಾಳುವ ಲೋಕದ ಮೊದಲ ದೇಶ ತಮ್ಮದಾಗಲಿದೆ ಎಂದರು. ಮಾತು ದೊಡ್ಡದೇ. ಆದರೆ ಅದರ ಬೆನ್ನಿಗೆ ನಡೆದ ಕೆಲಸ ಸೂರಿನ ಮಟ್ಟದ್ದು.

ಕೆರಿಬಿಯನ್ನಿನ ಎಂಜಿನಿಯರುಗಳು ಹೇಳುವುದು ಇಷ್ಟು. ಎರಡು ಇಳಿಜಾರಿನ ಮಾಡಿಗಿಂತ ನಾಲ್ಕೂ ಕಡೆ ಇಳಿಯುವ ಮಾಡು ಗಾಳಿಯನ್ನು ಹೆಚ್ಚು ಚೆನ್ನಾಗಿ ತಾಳುತ್ತದೆ. ಇಳಿಜಾರು ತೀರಾ ಕಡಿಮೆಯಾದರೆ ಗಾಳಿ ತಗಡನ್ನು ಹೀರಿ ಎತ್ತುತ್ತದೆ. ತಗಡಿಗೆ ಮೊಳೆ ಹೊಡೆಯಬೇಡಿ, ತಿರುಪು ಹಾಕಿ. ಪಕ್ಕಾಸು ಗೋಡೆಯ ತಲೆಯ ಮೇಲೆ ಸುಮ್ಮನೆ ಕೂತಿರಬಾರದು, ಉಕ್ಕಿನ ಪಟ್ಟಿಯಿಂದ ಗೋಡೆಗೆ ಬಿಗಿದಿರಬೇಕು. ಮುಖ್ಯವಾದ ಇನ್ನೊಂದು ಮಾತು: ಜಗಲಿಯ ಮಾಡನ್ನು ಮನೆಯ ಮಾಡಿನ ಮುಂದುವರಿಕೆಯಾಗಿ ಎಳೆಯಬೇಡಿ, ಬೇರೆಯಾಗಿಯೇ ಕಟ್ಟಿ. ಗಾಳಿ ಜಗಲಿಯಡಿ ನುಗ್ಗಿ ಮೇಲೆತ್ತಿದಾಗ ಜಗಲಿಯ ತಗಡು ಮಾತ್ರ ಹೋಗುತ್ತದೆ, ಮನೆ ಉಳಿಯುತ್ತದೆ. ಮಳೆಗೆ ಹೆದರಿ ಸೂರಂಚನ್ನು ಉದ್ದಕ್ಕೆ ಚಾಚುವ ನಮ್ಮ ಕರಾವಳಿಯ ಬಡಗಿಗೆ ಇದು ವಿಚಿತ್ರವೆನಿಸೀತು. ಅಲ್ಲಿನವರಿಗೆ ಮಳೆಗಿಂತ ಗಾಳಿ ದೊಡ್ಡ ಶತ್ರು.

ಇವು ಯಾವುವೂ ದುಬಾರಿ ತಂತ್ರಜ್ಞಾನವಲ್ಲ. ತಿರುಪಿಗೂ ಮೊಳೆಗೂ ಇರುವ ಬೆಲೆಯ ಅಂತರ ಒಂದು ಮನೆಗೆ ಲೆಕ್ಕಕ್ಕೆ ಬರುವಷ್ಟಲ್ಲ. ಕಷ್ಟವಿರುವುದು ಮೇಸ್ತ್ರಿಗೆ ಕಲಿಸುವುದರಲ್ಲಿ, ನಿಯಮ ಪಾಲಿಸಿದ್ದಾರೆಯೇ ಎಂದು ಏಣಿ ಹತ್ತಿ ನೋಡುವ ಅಧಿಕಾರಿಯನ್ನು ಇಟ್ಟುಕೊಳ್ಳುವುದರಲ್ಲಿ. ರೆಸಾರ್ಟು ಕಟ್ಟುವ ಕಂಪನಿಗೆ ವಿಮೆಯವರ ಒತ್ತಡವೇ ಸಾಕು, ತಾನಾಗಿ ಗಟ್ಟಿ ಕಟ್ಟುತ್ತದೆ. ಅದೇ ರೆಸಾರ್ಟಿನ ಅಡುಗೆಯವನು, ಕೋಣೆ ಗುಡಿಸುವವಳು ಇರುವ ಬೆಟ್ಟದ ಇಳುಕಲಿನ ಮನೆಗೆ ಎಷ್ಟೋ ವೇಳೆ ವಿಮೆಯೂ ಇಲ್ಲ, ನಕ್ಷೆಯೂ ಇಲ್ಲ, ಜಾಗದ ಕಾಗದವೂ ಇಲ್ಲ. ಹೋಟೆಲ್ ಹದಿನೈದು ದಿನಕ್ಕೆ ಸಿದ್ಧವಾದರೂ ಕೆಲಸಕ್ಕೆ ಬರಬೇಕಾದವರು ಟಾರ್ಪಾಲಿನಡಿ ಮಕ್ಕಳನ್ನು ಬಿಟ್ಟು ಬರಬೇಕು. ಡೊಮಿನಿಕಾ ತನ್ನ ಪೌರತ್ವವನ್ನು ವಿದೇಶಿ ಹೂಡಿಕೆದಾರರಿಗೆ ಮಾರಿ ಬಂದ ಹಣದ ಒಂದು ಪಾಲನ್ನು ಗಾಳಿ ತಾಳುವ ಮನೆ ಕಟ್ಟಲು ಹಾಕಿತು. ಪೌರತ್ವದ ಮಾರಾಟ ಸರಿಯೇ ಎಂಬ ಚರ್ಚೆ ಬೇರೆ. ಮನೆಯನ್ನು ಪ್ರವಾಸೋದ್ಯಮದ ಸೌಕರ್ಯವೆಂದೇ ಎಣಿಸಿದ ಆ ಲೆಕ್ಕ ಮಾತ್ರ ಸರಿಯಾಗಿತ್ತು.

ನೌಕರರ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಪ್ರಯೋಗ ನಡೆದದ್ದು ಸಿಂಟ್ ಮಾರ್ಟನ್‌ನಲ್ಲಿ. ಕಡಲದಂಡೆಯ ಜನರ ತಲೆಯ ಮೇಲೆಯೇ ವಿಮಾನ ಇಳಿಯುವ ಚಿತ್ರದಿಂದ ಹೆಸರಾದ ದ್ವೀಪದ ಡಚ್ ಭಾಗ ಅದು. 2017ರ ಇರ್ಮಾ ಚಂಡಮಾರುತದಲ್ಲಿ ಅಲ್ಲಿನ ಹೋಟೆಲುಗಳೂ ವಿಮಾನ ನಿಲ್ದಾಣವೂ ಹಾಳಾದವು; ನಿಲ್ದಾಣದ ಕಟ್ಟಡ ಪೂರ್ತಿ ಸಜ್ಜಾಗುವ ಹೊತ್ತಿಗೆ 2024 ಬಂತು. ಹೋಟೆಲ್ ಬಾಗಿಲು ಹಾಕಿದರೆ ನೌಕರರ ಗತಿಯೇನು? ನೆದರ್ಲೆಂಡ್ಸ್ ಕೊಟ್ಟ ಹಣದಲ್ಲಿ ವಿಶ್ವಬ್ಯಾಂಕ್ ಮೇಲ್ವಿಚಾರಣೆಯಡಿ ಒಂದು ಯೋಜನೆ ನಡೆಯಿತು. ಕೆಲಸ ಕಳೆದುಕೊಂಡವರಿಗೆ, ಅರ್ಧ ಕೆಲಸಕ್ಕೆ ಇಳಿದವರಿಗೆ ಆತಿಥ್ಯ, ಕಟ್ಟಡ ಕೆಲಸ ಮುಂತಾದವುಗಳ ತರಬೇತಿ. ತರಬೇತಿಗೆ ಬಂದಷ್ಟು ದಿನ ಭತ್ಯೆ. ಜನ ಊರು ಬಿಡದಂತೆ, ಹೋಟೆಲ್ ತೆರೆದಾಗ ಕೈಗೆ ಸಿಗುವಂತೆ ನೋಡಿಕೊಳ್ಳುವ ಉಪಾಯ ಇದು. ಅನುಭವಸ್ಥ ಬಾಣಸಿಗರು ಒಮ್ಮೆ ಮಯಾಮಿಗೋ ಟೊರೊಂಟೊಗೋ ಹೋದರೆಂದರೆ ಮರಳಿ ಬರುವುದು ಕಷ್ಟ ಎಂದು ದ್ವೀಪದವರಿಗೆ ಗೊತ್ತು. ಜಮೈಕಾ ಇದನ್ನು ವಿಪತ್ತಿಗೆ ಮುಂಚೆಯೇ ಸ್ವಲ್ಪಮಟ್ಟಿಗೆ ಯೋಚಿಸಿತ್ತು. 2022ರಲ್ಲಿ ಜಾರಿಗೆ ಬಂದ ಪ್ರವಾಸೋದ್ಯಮ ಕಾರ್ಮಿಕರ ಪಿಂಚಣಿ ಯೋಜನೆ ಹೋಟೆಲ್ ನೌಕರರಷ್ಟೇ ಅಲ್ಲದೆ ಕರಕುಶಲ ಸಾಮಾನು ಮಾರುವವರು, ಬಿದಿರಿನ ತೆಪ್ಪ ನಡೆಸುವವರಂಥ ಸ್ವಂತ ದುಡಿಮೆಯವರನ್ನೂ ಒಳಗೊಳ್ಳುತ್ತದೆ. ಪಿಂಚಣಿ ನಾಳೆಯ ಗಾಳಿಗೆ ಪರಿಹಾರವಲ್ಲ. ಆದರೆ ಇವರೆಲ್ಲರ ಹೆಸರು ಒಂದು ಪಟ್ಟಿಯಲ್ಲಿ ಬಂತಲ್ಲ, ಅದು ಸಣ್ಣ ಲಾಭವಲ್ಲ. ಯಾರಿದ್ದಾರೆಂದೇ ಗೊತ್ತಿಲ್ಲದಿದ್ದರೆ ಯಾರ ಖಾತೆಗೆ ಹಣ ಹಾಕುವುದು?

ಬೇಗ ತೆರೆಯುವುದೋ ತಡವಾಗಿ ತೆರೆಯುವುದೋ ಎಂಬ ಜಗಳ ಅತ್ಯಂತ ನೋವಿನಿಂದ ನಡೆದದ್ದು ಹವಾಯಿಯ ಮಾವಿ ದ್ವೀಪದಲ್ಲಿ. 2023ರ ಆಗಸ್ಟ್ 8ರ ಕಾಳ್ಗಿಚ್ಚಿನಲ್ಲಿ ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲ ವಾರಗಳಲ್ಲಿ ದಯವಿಟ್ಟು ಮಾವಿಗೆ ಬರಬೇಡಿ ಎಂಬ ಕೋರಿಕೆ ಎಲ್ಲೆಡೆ ಹರಿದಾಡಿತು. ಪರಿಣಾಮವಾಗಿ ಬೆಂಕಿ ತಾಗದ ಊರುಗಳ ಅಂಗಡಿ, ಊಟದ ಮನೆಗಳೂ ಖಾಲಿ ಹೊಡೆದವು, ಅಲ್ಲಿಯೂ ಕೆಲಸ ಹೋಯಿತು. ಇತ್ತ ಗವರ್ನರ್ ಜಾಶ್ ಗ್ರೀನ್ ಅಕ್ಟೋಬರ್ 8ರಿಂದ ಪಶ್ಚಿಮ ಮಾವಿಗೆ ಪ್ರವಾಸಿಗರು ಬರಬಹುದೆಂದಾಗ ಊರಿನವರು ಸಾವಿರಾರು ಸಹಿ ಸಂಗ್ರಹಿಸಿ, ಇನ್ನೂ ಸ್ವಲ್ಪ ದಿನ ಬಿಡಿ ಎಂದು ಬೇಡಿಕೊಂಡರು. ಮನೆ ಕಳೆದುಕೊಂಡ ಸಾವಿರಾರು ಜನರನ್ನು ಇರಿಸಿದ್ದೇ ಹೋಟೆಲುಗಳಲ್ಲಿ. ಅವರಲ್ಲಿ ಕೆಲವರು ಹೋಟೆಲ್ ನೌಕರರೇ. ಒಂದು ಮಹಡಿಯಲ್ಲಿ ಸೂರು ಸುಟ್ಟುಕೊಂಡವರ ಸಂಸಾರ, ಇನ್ನೊಂದು ಮಹಡಿಯಲ್ಲಿ ಮಧುಚಂದ್ರಕ್ಕೆ ಬಂದವರು. ನವೆಂಬರಿನಲ್ಲಿ ಲಹೈನಾದವರು ಕಾನಾಪಲಿಯ ಐಷಾರಾಮಿ ಹೋಟೆಲುಗಳ ಮುಂದಿನ ಮರಳಿನಲ್ಲಿ ಡೇರೆ ಹಾಕಿ, ಗಾಳದ ಕೋಲುಗಳನ್ನು ಸಾಲಾಗಿ ನೆಟ್ಟರು. ದಂಡೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಅಲ್ಲಿನ ಕಾನೂನು ರಕ್ಷಿಸುತ್ತದೆ; ಗಾಳ ಹಾಕಿ ಕೂತವರನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಅವರು ಕೇಳಿದ್ದು ಮನೆ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿರುವ ಸಾವಿರಾರು ಫ್ಲ್ಯಾಟುಗಳನ್ನು ಊರವರಿಗೆ ಬಿಡಿಸಿಕೊಡಿ ಎಂದು.

ಈ ಜಗಳದಲ್ಲಿ ಯಾರೊಬ್ಬರ ಮಾತೂ ಪೂರ್ತಿ ಸುಳ್ಳಲ್ಲ. ಬಾಗಿಲು ಮುಚ್ಚಿದ್ದರೆ ಕೂಲಿ ಇಲ್ಲ, ತೆರೆದರೆ ಮನೆ ಇಲ್ಲ. ಇಂಥ ಬಿಕ್ಕಟ್ಟಿಗೆ ಉತ್ತರ ವಿಪತ್ತಿನ ಮಾರನೆಯ ದಿನ ಹುಡುಕಿದರೆ ಸಿಗುವುದಿಲ್ಲ. ಎಷ್ಟು ಕೋಣೆಗಳನ್ನು, ಎಷ್ಟು ತಿಂಗಳು, ಯಾವ ದರಕ್ಕೆ ಸಂತ್ರಸ್ತರಿಗೆ ಬಿಡಬೇಕು, ಯಾವ ಹಂತದಲ್ಲಿ ಯಾವ ಊರನ್ನು ತೆರೆಯಬೇಕು, ಅದನ್ನು ತೀರ್ಮಾನಿಸುವ ಸಭೆಯಲ್ಲಿ ಊರಿನವರಿಗೆ ಎಷ್ಟು ಕುರ್ಚಿ, ಇವೆಲ್ಲ ಒಳ್ಳೆಯ ದಿನಗಳಲ್ಲೇ ಒಪ್ಪಂದವಾಗಿ ಕಾಗದದ ಮೇಲೆ ಇರಬೇಕಾದವು.

ಕೆರಿಬಿಯನ್ನಿನ ಬಾರ್ಬುಡಾದಲ್ಲಿ ಕೈತಪ್ಪಿಹೋಗುವ ಭಯ ಹುಟ್ಟಿದ್ದು ನೆಲದ ವಿಷಯದಲ್ಲಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಆ ಪುಟ್ಟ ದ್ವೀಪವನ್ನು ನೆಲಸಮ ಮಾಡಿತು. ಇನ್ನೊಂದು ಚಂಡಮಾರುತ ಬೆನ್ನಿಗಿದ್ದುದರಿಂದ ಅಲ್ಲಿನ ಸುಮಾರು 1,600 ಜನರನ್ನೂ ಅದೇ ದೇಶದ ಇನ್ನೊಂದು ದ್ವೀಪ ಆಂಟಿಗುವಾಕ್ಕೆ ಸಾಗಿಸಿದರು. ಶತಮಾನಗಳಲ್ಲಿ ಮೊದಲ ಸಲ ದ್ವೀಪ ನಿರ್ಜನವಾಯಿತು. ಗುಲಾಮಗಿರಿ ಕೊನೆಗೊಂಡ ಕಾಲದಿಂದ ಬಾರ್ಬುಡಾದ ನೆಲವನ್ನು ಊರವರೆಲ್ಲ ಸಾಮುದಾಯಿಕವಾಗಿ ಅನುಭವಿಸಿಕೊಂಡು ಬಂದಿದ್ದರು, 2007ರ ಕಾಯ್ದೆ ಅದನ್ನೇ ಬರವಣಿಗೆಗೆ ತಂದಿತ್ತು. ಜನ ಇನ್ನೂ ಹಿಂದಿರುಗಿ ಮನೆ ಕಟ್ಟಿಕೊಳ್ಳುವ ಮೊದಲೇ ಸರ್ಕಾರ ಕಾಯ್ದೆ ಬದಲಿಸಲು ಹೊರಟಿತು, ಹೊಸ ವಿಮಾನ ನಿಲ್ದಾಣಕ್ಕೆ ಕಾಡು ಕಡಿಯಲಾಯಿತು, ದೊಡ್ಡ ರೆಸಾರ್ಟ್ ಯೋಜನೆಗಳು ಬಂದವು. ಪ್ರಧಾನಿ ಗ್ಯಾಸ್ಟನ್ ಬ್ರೌನ್ ಅವರ ವಾದ, ಖಾಸಗಿ ಒಡೆತನವಿದ್ದರೆ ಜನರಿಗೆ ಬ್ಯಾಂಕ್ ಸಾಲ ಸಿಗುತ್ತದೆ, ದ್ವೀಪ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂದು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 2022ರಲ್ಲಿ ನೆಲದ ಹಕ್ಕಿನ ಮೊಕದ್ದಮೆಯಲ್ಲಿ ಬಾರ್ಬುಡಾದವರು ಸೋತರು. 2024ರಲ್ಲಿ ವಿಮಾನ ನಿಲ್ದಾಣದ ಅನುಮತಿಯನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ ಎಂಬಷ್ಟರ ಮಟ್ಟಿಗೆ ಗೆದ್ದರು. ಸಿದ್ಧತೆಯ ಪಟ್ಟಿಗಳಲ್ಲಿ ಸೈರನ್, ಜನರೇಟರ್, ನೀರಿನ ಟ್ಯಾಂಕು ಎಲ್ಲ ಇರುತ್ತವೆ. ಊರು ಖಾಲಿಯಾಗಿರುವಾಗ ನೆಲದ ಕಾನೂನು ಬದಲಿಸುವಂತಿಲ್ಲ ಎಂಬ ಸಾಲನ್ನು ನಾನು ಎಲ್ಲೂ ಕಂಡಿಲ್ಲ.

ಇನ್ನು ವಿಪತ್ತಿನ ಸುದ್ದಿ ಹೊರಗೆ ಹೇಗೆ ಹೋಗುತ್ತದೆ ಎಂಬ ವಿಷಯ; ಅದನ್ನು ಬೇಗ ಮುಗಿಸಬಹುದು. 2017ರ ಇರ್ಮಾ, ಮರಿಯಾ ಚಂಡಮಾರುತಗಳಲ್ಲಿ ಕೆರಿಬಿಯನ್ನಿನ ಬಹುಪಾಲು ದ್ವೀಪಗಳಿಗೆ ಏನೂ ಆಗಿರಲಿಲ್ಲ. ಆದರೆ ಟೀವಿ ತೋರಿಸಿದ ನಕ್ಷೆಯಲ್ಲಿ ಇಡೀ ಕೆರಿಬಿಯನ್ ಕೆಂಪಾಗಿತ್ತು. ಆ ವರ್ಷ ಪ್ರದೇಶವು ಎಂಟು ಲಕ್ಷಕ್ಕೂ ಹೆಚ್ಚು ಪ್ರವಾಸಿಗರನ್ನೂ 74 ಕೋಟಿ ಡಾಲರಿನಷ್ಟು ಆದಾಯವನ್ನೂ ಕಳೆದುಕೊಂಡಿತೆಂದು ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿ ಲೆಕ್ಕ ಹಾಕಿತು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡ ಕುಸಿದಾಗ ಇಡೀ ಕೊಡಗಿನ ಹೋಮ್‌ಸ್ಟೇಗಳಿಗೆ ಬಂದ ಗತಿಯೂ ಇದೇ. ಫಿಜಿ ಇದನ್ನು ಜಾಣತನದಿಂದ ನಿಭಾಯಿಸಿತು. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ 44 ಜೀವ ತೆಗೆದುಕೊಂಡಿತು, ಆದರೆ ರೆಸಾರ್ಟುಗಳು ಹೆಚ್ಚಿರುವ ನಾಡಿ, ಡೆನರಾವು ಸುತ್ತಲ ಪಶ್ಚಿಮ ಭಾಗ ಬಹುಮಟ್ಟಿಗೆ ಉಳಿದುಕೊಂಡಿತ್ತು. ಎಲ್ಲಿ ಹಾಳಾಗಿದೆ, ಎಲ್ಲಿ ಸರಿಯಿದೆ ಎಂದು ಊರು ಊರಿನ ಹೆಸರು ಹಿಡಿದು ಹೇಳಿದರು. ಆ ವರ್ಷ ಫಿಜಿಗೆ ಬಂದವರು 7.92 ಲಕ್ಷ, ಹಿಂದಿನ ವರ್ಷಕ್ಕಿಂತ ಹೆಚ್ಚು. ಇದಕ್ಕೆ ಬೇಕಾದದ್ದು ನಂಬಿಕೆಗೆ ಅರ್ಹವಾದ ಒಂದು ನಕ್ಷೆ, ದಿನಕ್ಕೊಂದು ಸಲ ಅದನ್ನು ತಿದ್ದುವ ಮನುಷ್ಯ.

ಹವಳದ ದಿಬ್ಬಗಳದು ಬೇರೆಯೇ ಕಥೆ. ಪ್ರವಾಸಿಗರು ಮುಳುಗು ಹಾಕಿ ನೋಡಲು ಬರುವ ಅದೇ ದಿಬ್ಬ, ದಂಡೆಯ ಹೋಟೆಲಿಗೆ ಬಡಿಯಬೇಕಾದ ಅಲೆಯ ಬಹುಪಾಲು ಶಕ್ತಿಯನ್ನು ಕಡಲಲ್ಲೇ ಹೀರಿಕೊಳ್ಳುತ್ತದೆ. ನೂರಕ್ಕೆ 97ರವರೆಗೆ ಎಂದು ಅಧ್ಯಯನಗಳಿವೆ. ಕೋಸುಮೆಲ್ ದ್ವೀಪವನ್ನೂ ಒಳಗೊಂಡ ಮೆಕ್ಸಿಕೊದ ಕಿಂಟಾನಾ ರೂ ರಾಜ್ಯ ಈ ದಿಬ್ಬಕ್ಕೇ ವಿಮೆ ಇಳಿಸಿತು. 2020ರ ಅಕ್ಟೋಬರ್‌ನಲ್ಲಿ ಡೆಲ್ಟಾ ಚಂಡಮಾರುತ ಬಂದಾಗ ಸುಮಾರು 8.5 ಲಕ್ಷ ಡಾಲರ್ ಕೈಸೇರಿತು. ಮೊದಲೇ ತರಬೇತಾಗಿದ್ದ ಮುಳುಗುಗಾರರ ತಂಡಗಳು ನೀರಿಗಿಳಿದು, ಮುರಿದು ಬಿದ್ದ ಹವಳದ ಕೊಂಬೆಗಳನ್ನು ಆಯ್ದು, ಮತ್ತೆ ಬಂಡೆಗೆ ಅಂಟಿಸಿದವು. ಬಹಳ ದಿನ ಬಿಟ್ಟರೆ ಮುರಿದ ಹವಳ ಮರಳಿನಲ್ಲಿ ಉರುಳಾಡಿ ಸಾಯುತ್ತದೆ, ಆದ್ದರಿಂದ ಹಣ ಬೇಗ ಬರಬೇಕು, ಕೈಗಳು ಸಿದ್ಧವಿರಬೇಕು. ಆ ತಂಡಗಳಲ್ಲಿದ್ದವರು ಪ್ರವಾಸಿಗರನ್ನು ಕರೆದೊಯ್ಯುವ ಸ್ಥಳೀಯ ಗೈಡುಗಳು, ಮೀನುಗಾರರು. ಪ್ರವಾಸಿಗರಿಲ್ಲದ ವಾರಗಳಲ್ಲಿ ಅವರಿಗೆ ದುಡಿಮೆಯೂ ಆಯಿತು.

ಜೀವ ಉಳಿಸುವ ಸಿದ್ಧತೆ ಇಲ್ಲದಿದ್ದರೆ ಉಳಿದದ್ದರ ಮಾತೇ ಬರುವುದಿಲ್ಲ. 1987ರ ಭಾರಿ ಅಲೆಗಳ ನಂತರ ಜಪಾನಿನ ನೆರವಿನಿಂದ ಮಾಲೆ ನಗರದ ಸುತ್ತ ಕಟ್ಟಿದ ತಡೆಗೋಡೆ 2004ರಲ್ಲಿ ರಾಜಧಾನಿಯನ್ನು ದೊಡ್ಡ ಹಾನಿಯಿಂದ ಕಾಪಾಡಿತು. ಅದೇ ದಿನ ಫುಕೆಟ್‌ನಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ, ಕಡಲ ನೊರೆ ವಿಚಿತ್ರವಾಗಿ ಉಕ್ಕುವುದನ್ನು ಕಂಡು, ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಕಲಿತದ್ದನ್ನು ನೆನೆದು ದಂಡೆಯವರನ್ನೆಲ್ಲ ಎಬ್ಬಿಸಿದಳು. ಇಂಥ ತರಬೇತಿ ಹೋಟೆಲಿನವರಿಗೂ ಇರಬೇಕು ಎಂಬುದನ್ನೂ ಈ ಕಥೆಯ ಜೊತೆ ಹೇಳಬೇಕು. ಪ್ರವಾಸಿ ಅತ್ಯಂತ ಅಸಹಾಯಕ: ಭಾಷೆ ಬಾರದು, ಎತ್ತರದ ಜಾಗ ಯಾವ ದಿಕ್ಕಿಗಿದೆ ಗೊತ್ತಿಲ್ಲ, ನೆಂಟರಿಲ್ಲ. 2016ರ ಡಿಸೆಂಬರ್‌ನಲ್ಲಿ ಅಂಡಮಾನಿನ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ, ವಾಯುಭಾರ ಕುಸಿತದಿಂದ ಹಡಗು ನಿಂತು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆಯ ಹಡಗುಗಳು ಹೋಗಿ ಕರೆತಂದವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಒಂದು ದ್ವೀಪ ಎಷ್ಟು ದಿನದ ಅಕ್ಕಿ, ಡೀಸೆಲ್, ಕುಡಿಯುವ ನೀರಿನ ಮೇಲೆ ಎಷ್ಟು ಅತಿಥಿಗಳನ್ನು ಇಟ್ಟುಕೊಳ್ಳಬಲ್ಲದು ಎಂಬ ಲೆಕ್ಕ ಕೋಣೆಗಳಿಗೆ ಪರವಾನಗಿ ಕೊಡುವಾಗಲೇ ಬೇಕು ಎಂಬುದು ಅಲ್ಲಿ ಸ್ಪಷ್ಟವಾಯಿತು.

ಅಂಡಮಾನ್ ನಿಕೋಬಾರ್ ನಮ್ಮದೇ ದ್ವೀಪಗಳಾದ್ದರಿಂದ ಈ ಎಲ್ಲ ಪ್ರಶ್ನೆಗಳು ಅಲ್ಲಿಗೆ ಬಂದು ನಿಲ್ಲುತ್ತವೆ. ಹೈದರಾಬಾದಿನಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಎಚ್ಚರಿಕೆಯ ಮಟ್ಟಿಗೆ ನಾವು 2004ಕ್ಕಿಂತ ಬಹಳ ಮುಂದಿದ್ದೇವೆ. ಆ ವರ್ಷ ಸುನಾಮಿ ಎಬ್ಬಿಸಿದ ಭೂಕಂಪದಲ್ಲಿ ಗ್ರೇಟ್ ನಿಕೋಬಾರಿನ ದಕ್ಷಿಣ ತುದಿ, ದೇಶದ ಕೊನೆಯ ಬಿಂದುವಾದ ಇಂದಿರಾ ಪಾಯಿಂಟ್, ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡ ಸಮುದ್ರ ಸೇರಿತು. ಪಶ್ಚಿಮ ಕರಾವಳಿಯ ನಿಕೋಬಾರಿ ಹಳ್ಳಿಗಳು ಕೊಚ್ಚಿಹೋಗಿ, ಬದುಕಿ ಉಳಿದವರನ್ನು ಕ್ಯಾಂಪ್‌ಬೆಲ್ ಬೇ ಹತ್ತಿರದ ವಸತಿಗಳಿಗೆ ತಂದಿಟ್ಟರು. ಅದೇ ದ್ವೀಪದಲ್ಲಿ ಈಗ ಗಲತಿಯಾ ಕೊಲ್ಲಿಯ ಬಂದರು, ವಿಮಾನ ನಿಲ್ದಾಣ, ಪಟ್ಟಣ, ಪ್ರವಾಸೋದ್ಯಮ ಎಲ್ಲವೂ ಸೇರಿದ, 72 ಸಾವಿರ ಕೋಟಿ ರೂಪಾಯಿಯದೆಂದು ಮೊದಲು ಅಂದಾಜಿಸಿದ ಯೋಜನೆ ಬರುತ್ತಿದೆ. 2022ರ ನವೆಂಬರ್‌ನಲ್ಲಿ ಅದಕ್ಕೆ ಪರಿಸರ ಅನುಮತಿ ಸಿಕ್ಕಿತು. ಅದೇ ತಿಂಗಳು ಗ್ರೇಟ್ ಮತ್ತು ಲಿಟ್ಲ್ ನಿಕೋಬಾರಿನ ಬುಡಕಟ್ಟು ಮಂಡಳಿ ತಾನು ಆಗಸ್ಟ್‌ನಲ್ಲಿ ಕೊಟ್ಟಿದ್ದ ಒಪ್ಪಿಗೆ ಪತ್ರವನ್ನು ಹಿಂದಕ್ಕೆ ಪಡೆಯಿತು. ಸುನಾಮಿಗೆ ಮುಂಚೆ ತಾವಿದ್ದ ಹಳ್ಳಿಗಳಿಗೆ ಮರಳಲು ಬಿಡಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಅವರ ಹಳೆಯ ನೆಲದ ಒಂದು ಭಾಗ ಯೋಜನೆಯ ನಕ್ಷೆಯೊಳಗಿದೆ.